ಸೋಮವಾರದ ಉಪ್ಪು

ಬಂಗಾಳದ ಬಾರಾನಗರದಲ್ಲಿ ನೆಲೆಸಿದ ದೊಡ್ಡಯ್ಯನವರಿಗೆ ಅರವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತೆಂಟು ವರ್ಷ ಒಂದು ಸರ್ಕಾರಿ ಕಂಪನಿಯ ಅತಿಥಿಗೃಹದಲ್ಲಿ ಒಲೆಯ ಮುಂದೆಯೇ ಕಳೆದುಹೋದವು. ಮಂಡ್ಯ ಕಡೆಯಿಂದ ಬಂದವರು. ಬಂಗಾಳಿ ಸಾಹೇಬರಿಗೆ ಮಟನ್ ಸಾರಿನ ರುಚಿ ಹತ್ತಿಸಿ, ಅವರ ಮನೆಯವರಿಂದ ಸಾಸಿವೆ ಮೀನು ಕಲಿತುಕೊಂಡರು. ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಗಡಿಯಾರವನ್ನೂ ಕೊಟ್ಟರು. ಒಲೆಯನ್ನು ಮಾತ್ರ ಕೊಡಲಿಲ್ಲ.

ಮನೆಯಲ್ಲಿ ಒಲೆಯಿತ್ತು. ಆದರೆ ಅದು ಸೊಸೆ ಶ್ರಾವ್ಯಳದು. “ಮಾವ, ಜೀವಮಾನವೆಲ್ಲ ಬೆಂದಿದ್ದೀರ, ಇನ್ನಾದ್ರೂ ಕೂತ್ಕೊಳ್ಳಿ” ಎಂದು ಕುರ್ಚಿ ಎಳೆದು ಕೊಡುತ್ತಿದ್ದಳು. ಒಳ್ಳೆಯ ಹುಡುಗಿ; ಕುರ್ಚಿಯೂ ಮೆತ್ತಗಿತ್ತು. ಆದರೂ ಕುಕ್ಕರ್ ಕೂಗಿದಾಗಲೆಲ್ಲ ಎದ್ದು ನಿಂತು, ಮತ್ತೆ ಕೂತು, ಆರೇ ತಿಂಗಳಲ್ಲಿ ದೊಡ್ಡಯ್ಯ ಅರ್ಧ ಇಳಿದುಹೋದರು. ಹಾಗಾಗಿ ಊರಿನ ಇನ್ನೊಂದು ತುದಿಯ ಬಾಲಿಗಂಜಿನಲ್ಲಿ ಬೆಂಗಳೂರಿನ ಹುಡುಗನೊಬ್ಬನಿಗೆ ಅಡುಗೆಯವರು ಬೇಕಂತೆ ಎಂದು ಯಾರೋ ಅಂದದ್ದೇ ತಡ, ಮಾರನೆಯ ಬೆಳಗ್ಗೆ ಮೆಟ್ರೋ ಹತ್ತಿದರು.

ಹುಡುಗನ ಹೆಸರು ಮನೀಷ್. ಸಾಫ್ಟ್‌ವೇರ್ ಕೆಲಸ, ಒಂಟಿ ಫ್ಲ್ಯಾಟು. ಅವನು ಬಾಗಿಲಲ್ಲೇ ನಿಯಮ ಹೇಳಿದ: ಮಾಂಸ, ಮೀನು, ಮೊಟ್ಟೆ, ತುಪ್ಪ. ಅಷ್ಟೇ. ಅನ್ನವಿಲ್ಲ, ರೊಟ್ಟಿಯಿಲ್ಲ, ಸೊಪ್ಪುಸದೆ ಇಲ್ಲ.

“ಈರುಳ್ಳಿ?”

“ಗಿಡ ಅಂಕಲ್ ಅದು.”

“ಮೆಣಸಿನಕಾಯಿ ಬ್ಯಾಡ. ಧನಿಯ ಪುಡಿ ಒಸಿ?”

“ಅದೂ ಗಿಡದ್ದೇ ಅಲ್ವಾ?”

“ಉಪ್ಪು?”

“ಉಪ್ಪು ಓಕೆ. ಅದು ಕಲ್ಲು.”

“ಇದನ್ನ ಬರಕೊಟ್ಟ ಡಾಕ್ಟ್ರು ಯಾರಪ್ಪ?”

“ಡಾಕ್ಟರ್ ಅಲ್ಲ ಅಂಕಲ್, ಪಾಡ್‌ಕಾಸ್ಟ್.”

ದೊಡ್ಡಯ್ಯನವರಿಗೆ ತಲೆ ಗಿರ್ರೆಂದಿತು. ಈ ಊರಲ್ಲಿ ಕಾಳಿಗೆ ಅರ್ಪಿಸಿದ ಮೇಕೆಯನ್ನು ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇಯಿಸಿ, ಅದನ್ನು ನಿರಾಮಿಷ ಮಾಂಸ, ಅಂದರೆ ಸಸ್ಯಾಹಾರಿ ಮಾಂಸ ಎಂದು ಭಕ್ತಿಯಿಂದ ತಿನ್ನುತ್ತಾರೆ. ಮನೀಷನ ಧರ್ಮದಲ್ಲಿ ಈರುಳ್ಳಿ ಬಿದ್ದರೇನೇ ಮೇಕೆ ಸಸ್ಯಾಹಾರವಾಗಿಬಿಡುತ್ತದೆ.

ಹುಡುಗ ಆರು ವಾರದಿಂದ ಬೇಯಿಸಿದ ಮೊಟ್ಟೆ, ಹುರಿದ ಮಟನ್ ಎರಡನ್ನೇ ತಿಂದು ಮುಖ ಹುಳ್ಳಗೆ ಮಾಡಿಕೊಂಡಿದ್ದ. “ಒಂದು ತಿಂಗಳು ನೋಡೋಣ ಅಂಕಲ್. ವೆರೈಟಿ ಬಂದ್ರೆ ಸರಿ. ಇಲ್ಲಾಂದ್ರೆ ನಮ್ಮ ಶಶಾಂಕ ಒಂದು ಕಂಪನಿ ಹೇಳಿದ್ದಾನೆ, ಅವರೇ ಮೂರು ಹೊತ್ತೂ ಡಬ್ಬಿ ಕಳಿಸ್ತಾರೆ.” ಡಬ್ಬಿ ಬಂದರೆ ತಾವು ಮತ್ತೆ ಆ ಮೆತ್ತನೆಯ ಕುರ್ಚಿಗೆ. ದೊಡ್ಡಯ್ಯ ಪಂಚೆ ಎತ್ತಿ ಕಟ್ಟಿದರು.

ಮಾರುಕಟ್ಟೆಯ ಕಟುಕ ಬಿಸಾಡುತ್ತಿದ್ದ ಕೊಬ್ಬನ್ನೆಲ್ಲ ತಂದು ಕರಗಿಸಿದರು. ಉಳಿದ ಚೂರುಗಳು ಗರಿಗರಿಯಾಗಿ ಚಕ್ಕುಲಿಯಂತೆ ಮುರಿದವು. ಕೋಳಿಯ ಚರ್ಮವನ್ನು ಎರಡು ಬಾಣಲೆಗಳ ನಡುವೆ ಒತ್ತಿ ಹಪ್ಪಳ ಮಾಡಿದರು. ಮೊಟ್ಟೆಗೆ ನುಣ್ಣನೆಯ ಖೀಮಾ ಕದಡಿ ಕಾವಲಿಯ ಮೇಲೆ ದೋಸೆ ಹುಯ್ದರು. ಇಲಿಶ್ ಮೀನನ್ನು ಅದರದೇ ಎಣ್ಣೆಯಲ್ಲಿ, ಮೇಕೆಯ ಲಿವರನ್ನು ತುಪ್ಪದಲ್ಲಿ, ಕಾಲು ಸೂಪನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಸಣ್ಣ ಉರಿಯಲ್ಲಿ. ಒಂದು ದಿನ ಕೆಂಡದ ಮೇಲೆ ತುಪ್ಪ ಬಿಟ್ಟು ಮಾಂಸಕ್ಕೆ ಹೊಗೆ ಕೊಟ್ಟಾಗ ಮನೀಷ್ ಬೆಚ್ಚಿಬಿದ್ದ. ಇದ್ದಿಲು ಮರದ್ದು, ಹಾಗಾದರೆ ಹೊಗೆ ಗಿಡವೋ ಅಲ್ಲವೋ? ಅರ್ಧ ಗಂಟೆ ಫೋನಿನಲ್ಲಿ ಶಾಸ್ತ್ರ ತಿರುವಿ, ಹೊಗೆ ಸಲ್ಲುತ್ತದೆ ಎಂದು ತೀರ್ಪು ಕೊಟ್ಟ. ಅಷ್ಟರಲ್ಲಿ ಮಾಂಸ ಆರಿಹೋಗಿತ್ತು.

ತಿಂಗಳು ತುಂಬುವ ಹೊತ್ತಿಗೆ ಮನೀಷ್ ಕೊನೆಯ ಪರೀಕ್ಷೆ ಇಟ್ಟ. ಅವನ ಹಾಗೆಯೇ ಮಾಂಸ ಮಾತ್ರ ತಿನ್ನುವ ನಾಲ್ವರು ಗೆಳೆಯರಿಗೆ ಮಧ್ಯಾಹ್ನದ ಊಟ; ಗುಂಪಿನ ಗುರು ಶಶಾಂಕ. ಅವನು ಮೆಚ್ಚಿದರೆ ದೊಡ್ಡಯ್ಯ, ಇಲ್ಲವಾದರೆ ಡಬ್ಬಿ. ಕಚೇರಿಗೆ ರಜೆ ಬಿದ್ದದ್ದು ಸೋಮವಾರ.

ದೊಡ್ಡಯ್ಯ ಸೋಮವಾರ ಮಾಂಸ ಮುಟ್ಟುತ್ತಾರೆ, ಕೊಚ್ಚುತ್ತಾರೆ, ಬೇಯಿಸುತ್ತಾರೆ; ನಾಲಿಗೆಗೆ ಮಾತ್ರ ಸೋಕಿಸುವುದಿಲ್ಲ. ಅವರ ಅಪ್ಪನ ಕಾಲದಿಂದ ಬಂದ ಶಿವನ ವಾರ. ಅತಿಥಿಗೃಹದಲ್ಲಿ ಸೋಮವಾರ ಉಪ್ಪು ನೋಡಲು ಪಕ್ಕದಲ್ಲೊಬ್ಬ ಸಹಾಯಕನಿರುತ್ತಿದ್ದ. ಇಲ್ಲಿ ಯಾರಿದ್ದಾರೆ?

“ಮನೀಷಪ್ಪ, ಒಂದ್ ಚಮಚ ಸೂಪು ನೋಡ್ತೀಯಾ? ಉಪ್ಪು ಹೆಂಗೈತೆ ಹೇಳು.”

“ಅಯ್ಯೋ, ಒಂದು ಗಂಟೆವರೆಗೂ ನಾನು ಫಾಸ್ಟಿಂಗ್ ಅಂಕಲ್. ಒಂದು ಹನಿ ಹೋದ್ರೂ ಫೋನಲ್ಲಿರೋ ಉಪವಾಸದ ಮೀಟರ್ ಕೆಟ್ಟೋಗುತ್ತೆ.”

ಶಿವನ ವಾರದವರೊಬ್ಬರು, ಮೀಟರಿನ ವಾರದವನೊಬ್ಬ. ಒಂದು ಅಡುಗೆಮನೆ, ಎರಡು ನಾಲಿಗೆ, ಎರಡಕ್ಕೂ ಬೀಗ. ದೊಡ್ಡಯ್ಯ ಕೈ ಅಂದಾಜಿನಲ್ಲೇ ಉಪ್ಪು ಹಾಕಿ ಮುಂದೆ ಹೋದರು.

ಹನ್ನೆರಡೂವರೆಗೆ ಬಡಿಸಲು ನೆರವಾಗಲೆಂದು ಐಶ್ವರ್ಯಾ ಬಂದಳು. ಮನೀಷನ ಕಚೇರಿಯವಳು, ಎಲ್ಲವನ್ನೂ ತಿನ್ನುವ ಮಾಮೂಲಿ ಮನುಷ್ಯಳು. ಅಡುಗೆಮನೆಗೆ ನುಗ್ಗಿ ಸೂಪಿಗೆ ಚಮಚ ಅದ್ದಿ ಬಾಯಿಗಿಟ್ಟವಳು ಸಿಂಕಿನ ಕಡೆ ಓಡಿದಳು.

“ಅಂಕಲ್! ಇದು ದೀಘಾ ಬೀಚಿನ ಉಪ್ಪು ಸಮುದ್ರ!”

“ಏನಂದೆ ಮಗಳೇ? ಮಟನ್ ನೋಡು ಒಸಿ.”

ಮಟನ್ನೂ ಸಮುದ್ರ. ವಿಚಾರಿಸಿದರೆ, ಹಿಂದಿನ ಸಂಜೆ ಸೂಪಿನ ಕಾಲು, ಮಟನ್ ಎರಡಕ್ಕೂ ಮನೀಷನೇ ಪುಟ್ಟ ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕಕ್ಕೆ ಉಪ್ಪು ತೂಗಿ ಸವರಿಟ್ಟಿದ್ದ.

“ನಂಗ್ಯಾಕಪ್ಪ ಹೇಳ್ನಿಲ್ಲ?”

“ನೀವು ಟೇಸ್ಟ್ ನೋಡ್ತೀರಲ್ಲ ಅಂದ್ಕೊಂಡೆ!”

“ನಾನು ಸ್ವಾಮಾರ ನೋಡಕಿಲ್ಲ ಕಣಪ್ಪೋ!”

ಬೇರೆ ದಿನವಾಗಿದ್ದರೆ ಆಲೂಗಡ್ಡೆ ಹಾಕಿ ಉಪ್ಪು ಎಳೆಸುತ್ತಿದ್ದರು, ಹುಣಸೆ ಹಿಂಡುತ್ತಿದ್ದರು. ಎಲ್ಲವೂ ಗಿಡ. ನೀರು ಹಾಕಿದರೆ ನಾಲ್ಕು ಗಂಟೆ ಕುದಿಸಿದ ಸೂಪು ತೊಳೆದ ನೀರಾಗುತ್ತದೆ. ಮಾಂಸದೊಳಕ್ಕೆ ಇಳಿದ ಉಪ್ಪಂತೂ ಹೊರಗೆ ಬರುವುದಿಲ್ಲ. ಮನೀಷ್ ಆಗಲೇ ಫೋನಿನಲ್ಲಿ ಹೋಟೆಲು ಹುಡುಕುತ್ತಿದ್ದ. ದೊಡ್ಡಯ್ಯ ಒಲೆಯ ಕಟ್ಟೆಗೆ ಕೈಯೂರಿ ನಿಂತರು. ಇಪ್ಪತ್ತೆಂಟು ವರ್ಷದಲ್ಲಿ ಅವರು ಬಡಿಸಿದ ತಟ್ಟೆಯನ್ನು ಯಾರೂ ತಳ್ಳಿರಲಿಲ್ಲ. ಇವತ್ತು ತಳ್ಳಿದರೆ ಇದೇ ಕೊನೆಯ ಒಲೆ.

ಆಗ ಅವರಿಗೆ ಹೊಳೆಯಿತು. ಹುಟ್ಟಿದಾಗಿನಿಂದ ತಿಂದ ರಾಗಿಮುದ್ದೆಗೆ ಯಾರಾದರೂ ಉಪ್ಪು ಹಾಕಿದ್ದುಂಟೇ? ಮುದ್ದೆ ಸಪ್ಪೆ, ಸಾರು ಚುರುಕು. ಎರಡೂ ಬಾಯಲ್ಲಿ ಸೇರಿದಾಗಲೇ ಊಟ. ಈ ಹುಡುಗರ ತಟ್ಟೆಯಲ್ಲಿ ಇಷ್ಟು ದಿನ ಬರೀ ಸಾರಿನ ಕಡೆಯವರೇ, ಮುದ್ದೆಯ ಕಡೆಯವರು ಯಾರೂ ಇರಲಿಲ್ಲ.

“ಐಶ್ವರ್ಯಾ, ಫ್ರಿಜ್ಜಿಂದ ಕೋಳಿ ಖೀಮಾ ತಕ್ಕೊಡವ್ವ. ಅದ್ಕೆ ಯಾರೂ ಉಪ್ಪು ಹಾಕಿಲ್ಲ ತಾನೆ?”

“ನಾನಂತೂ ಇಲ್ಲ,” ಎಂದ ಮನೀಷ್ ಅಪರಾಧಿಯಂತೆ.

ಖೀಮಾಕ್ಕೆ ಮೊಟ್ಟೆಯ ಬಿಳಿ ಸೇರಿಸಿ ಮಿಕ್ಸಿಯಲ್ಲಿ ಬೆಣ್ಣೆಯಾಗುವಂತೆ ತಿರುವಿದರು, ಒದ್ದೆ ಕೈಯಲ್ಲಿ ಮುದ್ದೆಯಂತೆ ಉಂಡೆ ಕಟ್ಟಿದರು, ಹಬೆಗಿಟ್ಟರು. ಪಕ್ಕದ ಉರಿಯಲ್ಲಿ ಸಪ್ಪೆ ಮೊಟ್ಟೆದೋಸೆ. ಉಪ್ಪಿನ ಡಬ್ಬಿಯನ್ನು ಐಶ್ವರ್ಯಾಳ ಬ್ಯಾಗಿಗೆ ಹಾಕಿಸಿದರು, ಯಾರ ಕೈಗೂ ಸಿಗದಿರಲಿ ಎಂದು.

ಒಂದು ಗಂಟೆಗೆ ಅತಿಥಿಗಳು ಕೂತರು. ಶಶಾಂಕ ಫೋರ್ಕಿನಿಂದ ಮುದ್ದೆ ಕತ್ತರಿಸಿ ಅಗಿದು, ಹುಬ್ಬು ಮೇಲೇರಿಸಿದ. “ಇದರಲ್ಲಿ ಉಪ್ಪೇ ಇಲ್ಲ.”

“ಅಗೀಬ್ಯಾಡಿ ಸ್ವಾಮಿ!” ದೊಡ್ಡಯ್ಯ ಗದರಿದರು. “ಆ ಮುಳ್ಳು ಕೆಳಗಿಡಿ. ಕೈಯಾಗೆ ಮುರೀರಿ, ಸೂಪಲ್ಲಿ ಹೊರಳ್ಸಿ, ನುಂಗಿ.”

ಗುರು ಗದರಿಸಿಕೊಂಡು ಅಭ್ಯಾಸವಿಲ್ಲದವನು. ಆದರೂ ಮುರಿದ, ಅದ್ದಿದ, ನುಂಗಿದ. ಇನ್ನೊಂದು ತುತ್ತು, ಮತ್ತೊಂದು. ದೋಸೆಯಲ್ಲಿ ಮಟನ್ ಸುತ್ತಿಕೊಂಡ. ಕೊನೆಗೆ ಬಟ್ಟಲನ್ನೇ ಎತ್ತಿ ಕುಡಿದು, “ಈ ಸಾಲ್ಟ್ ಬ್ಯಾಲೆನ್ಸ್ ಹೇಗೆ ಬಂತು?” ಎಂದ.

ಮನೀಷ್ ಗಂಟಲು ಸರಿಪಡಿಸಿಕೊಂಡ. “ಆಕ್ಚುಲಿ ಇದು ನನ್ನದೇ ಒಂದು ಥಿಯರಿ…”

“ಉಪ್ಪು ಅವನೂ ಹಾಕಿದ, ನಾನೂ ಹಾಕ್ದೆ, ಇಬ್ರೂ ನೋಡ್ನಿಲ್ಲ ಸ್ವಾಮಿ,” ಎಂದರು ದೊಡ್ಡಯ್ಯ. ನಿಜ ಮುಚ್ಚಿಟ್ಟು ಉಳಿಸಿಕೊಳ್ಳುವ ಒಲೆ ಅವರಿಗೆ ಬೇಡವಾಗಿತ್ತು. “ತಪ್ಪಾಗೋಯ್ತು. ಸಪ್ಪೆ ಮಾಡಿ ತಿದ್ದಿವ್ನಿ.”

ಶಶಾಂಕ ಖಾಲಿ ಬಟ್ಟಲನ್ನು ಮುಂದಕ್ಕೆ ಚಾಚಿದ. “ತಪ್ಪು ಇನ್ನೂ ಸ್ವಲ್ಪ ಇದ್ಯಾ ಅಂಕಲ್?”

ಎಲ್ಲರೂ ಹೋದ ಮೇಲೆ ಮನೀಷ್ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿದ. “ಡಬ್ಬಿಯವರಿಗೆ ಬೇಡ ಅಂದ್ಬಿಟ್ಟೆ. ವಾರಕ್ಕೊಂದು ದಿನ ಇವರೆಲ್ಲ ಬರ್ತಾರಂತೆ. ಸೋಮವಾರನೇ ಇಟ್ಕೊಳ್ಳೋಣ?”

“ಸ್ವಾಮಾರ ಬ್ಯಾಡ. ಶನಿವಾರನೂ ನಾನು ತಿನ್ನಕಿಲ್ಲ. ಮಂಗಳ್ವಾರ?”

“ಮಂಗಳವಾರ, ಗುರುವಾರ ನಂದು ಇಪ್ಪತ್ನಾಲ್ಕು ಗಂಟೆ ಉಪವಾಸ.”

“ನಿಮ್ ಪಾಡ್‌ಕಾಸ್ಟು ನಮ್ಮಪ್ಪನ್ನೂ ಮೀರಿಸ್ತು ಬುಡು. ಬುಧವಾರ?”

ಇಬ್ಬರೂ ಫೋನಿನ ಕ್ಯಾಲೆಂಡರಿಗೆ ಬಗ್ಗಿದರು. ಬುಧವಾರದ ಮೇಲೆ ಯಾವ ದೇವರೂ, ಯಾವ ಮೀಟರೂ ಕೂತಿರಲಿಲ್ಲ.

“ಹಂಗಾರೆ ಬೆಳಗ್ಗೆ ಆರಕ್ಕೇ ಬತ್ತೀನಿ. ನೀನು ಎದ್ದಿರ್ತೀಯಾ?”

ಮನೀಷ್ ಮನೆಯ ಇನ್ನೊಂದು ಬೀಗದಕೈ ತಂದು ಕೊಟ್ಟ. ದೊಡ್ಡಯ್ಯ ಅದನ್ನು ಜೇಬಿಗೆ ಹಾಕಲಿಲ್ಲ. ಅಂಗಿ ಎತ್ತಿ, ಉಡಿದಾರಕ್ಕೆ ಬಿಗಿಯಾಗಿ ಗಂಟು ಹಾಕಿಕೊಂಡರು.