ಸೀಟಿನ ಕೆಳಗೆ ಸಿಕ್ಕ ಕರ್ಚೀಫು

ಧನಲಕ್ಷ್ಮಿ ಹದಿನೆಂಟು ವರ್ಷದಿಂದ ಎಂಟೂ ಹತ್ತರ ಬಸ್ಸಿನಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಓಡಾಡುತ್ತಾಳೆ. ಸವಳಂಗ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಸ್ಸಿನಲ್ಲಿ ಛತ್ರಿ, ಊಟದ ಡಬ್ಬಿ, ಮಗುವಿನ ಒಂಟಿ ಚಪ್ಪಲಿ, ಏನೇ ಬಿಟ್ಟುಹೋದರೂ ನಾವು ಕಂಡಕ್ಟರನ್ನಲ್ಲ, ಅವಳನ್ನು ಕೇಳುತ್ತಿದ್ದೆವು. ಸಿಕ್ಕಿದ್ದನ್ನು ತೊಳೆದು, ಒರೆಸಿ ತಂದುಕೊಡುವ ಹುಚ್ಚು ಅವಳಿಗೆ. ಪಕ್ಕದ ಸೀಟಿನವಳಾದ ನಾನು ಎಷ್ಟು ಸಲ ರೇಗಿಸಿದ್ದೇನೋ.

ದಿನಾ ಓಡಾಡುವ ಅರವತ್ತು ಮಂದಿಗೆ ಒಂದು ವಾಟ್ಸಾಪ್ ಗುಂಪಿದೆ. ಬಸ್ಸು ಕೆಟ್ಟರೆ, ತಡವಾದರೆ ಅಲ್ಲಿ ತಿಳಿಯುತ್ತದೆ. ಅಡ್ಮಿನ್ ಪರಮೇಶ್ ಯಾವುದೋ ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಸಾಹೇಬರ ಮಾತು ಕೇಳುವವನಿಗೆ ಇಲ್ಲಾದರೂ ಸಾಹೇಬನಾಗುವ ಆಸೆ. ಕೆಲವರು ಕರ್ಚೀಫು ಹಾಕಿ ಸೀಟು ಹಿಡಿದು, ಅದರ ಫೋಟೋವನ್ನು ಗುಂಪಿಗೆ ಹಾಕಿ ತಮ್ಮವರನ್ನು ಕರೆಯತೊಡಗಿದ್ದರು. ಇನ್ನು ಹಾಗೆ ಮಾಡಿದವರನ್ನು ತೆಗೆದುಹಾಕುವುದೆಂದು ಅವನು ನಿಯಮ ಮಾಡಿದ. ಎಲ್ಲರಿಗಿಂತ ಮೊದಲು ಒಪ್ಪಿದವಳು ಧನಲಕ್ಷ್ಮಿ.

ಒಂದು ಸೋಮವಾರ ಗುಂಪಿನಲ್ಲಿ ಎರಡು ಸಾಲು ಕಂಡವು. ಧನಲಕ್ಷ್ಮಿಯ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ. ಧನಲಕ್ಷ್ಮಿಯನ್ನು ಪರಮೇಶ್ ತೆಗೆದುಹಾಕಿದ್ದಾರೆ. ಯಾಕೆಂದು ಒಂದಕ್ಷರ ಇಲ್ಲ. ಅಷ್ಟು ಸಾಲದೇ ನಮ್ಮ ಜನಕ್ಕೆ! ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು. ಕೆಟ್ಟ ಫೋಟೋ ಇರಬೇಕೆಂದು ಒಬ್ಬರು, ಯಾರದೋ ಸಂಸಾರದ ವಿಷಯವೆಂದು ಇನ್ನೊಬ್ಬರು.

ಹಿಂದೆಲ್ಲ ಬಸ್ಸಿನಲ್ಲಿ ಜಗಳವಾದರೆ ಎದುರುಬದುರು ಆಗುತ್ತಿತ್ತು, ಮಲವಗೊಪ್ಪ ಬರುವುದರೊಳಗೆ ಮುಗಿದೂ ಹೋಗುತ್ತಿತ್ತು. ಈಗ ಎಲ್ಲರೂ ಅವಳನ್ನು ಕಂಡರೆ ಮೊದಲಿನಂತೆ ಮುಗುಳ್ನಗುತ್ತಿದ್ದರು, ಮಾತು ಮಾತ್ರ ನಿಂತುಹೋಗಿತ್ತು.

"ನಾನೇನ್ ಮಾಡ್ದೆ ಸಂಧ್ಯಾ?" ಎಂದು ದಿನಾ ಕೇಳುವಳು. "ಗುಡ್ ಮಾರ್ನಿಂಗ್ ಜಾಸ್ತಿ ಕಳಿಸ್ದೆ ಅಂತಾನಾ? ಪರಮೇಶ್ ಮನೆ ಗೃಹಪ್ರವೇಶಕ್ಕೆ ಹೋಗ್ಲಿಲ್ಲ ಅಂತಾನಾ? ಫೋನ್ ಮಾಡಿದ್ರೆ ಎತ್ತಲ್ಲ. ತಪ್ಪು ಮಾಡಿದ್ರೆ ಬೈಸ್ಕೊಳ್ತೀನಿ. ಏನ್ ತಪ್ಪು ಅಂತ ಗೊತ್ತಾಗ್ಬೇಕಲ್ಲ!"

"ಬಿಡು ಮಾರಾಯ್ತಿ, ದೊಡ್ಡದು ಮಾಡ್ಬೇಡ" ಎಂದೆ. ಅವತ್ತು ಗುಂಪಿಗೆ ನೀನೇನು ಹಾಕಿದ್ದೆ ಎಂದು ನಾನು ಕೇಳಲಿಲ್ಲ. ಕೇಳಲು ಭಯವಾಗಿತ್ತು, ನಿಜ ಹೇಳುತ್ತೇನೆ.

ಹನ್ನೊಂದನೆಯ ದಿನ ಅವಳು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಪರಮೇಶನನ್ನು ಅಡ್ಡಗಟ್ಟಿದಳು. ದೂರದಿಂದ ನೋಡಿದೆ. ಏನೇನೋ ಮಾತಾಡಿದರು, ಬ್ಯಾಗಿನಿಂದ ಏನನ್ನೋ ತೆಗೆದು ಕೊಟ್ಟಳು. ಸಂಜೆ ಗುಂಪಿನಲ್ಲಿ ಒಂದೇ ಸಾಲು. ಧನಲಕ್ಷ್ಮಿಯನ್ನು ಪರಮೇಶ್ ಸೇರಿಸಿದ್ದಾರೆ. ಬೇರೇನೂ ಇಲ್ಲ.

ಮರುದಿನ ಅವಳು ಬಂದು ಕೂರುವಾಗ ನಾನೇ ಅಂದೆ, "ಕ್ಷಮೆ ಕೇಳಿದ್ಯಂತಲ್ಲ, ಒಳ್ಳೇದಾಯ್ತು ಬಿಡು."

"ಯಾರಂದ್ರು?"

"ಎಲ್ರೂ ಅಂತಿದಾರೆ."

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ಸೀಟ್ ಕೆಳಗೆ ಒಂದು ಕರ್ಚೀಫ್ ಸಿಕ್ತು. ಕಾಣ್ಲಿ ಅಂತ ಸೀಟ್ ಮೇಲೆ ಇಟ್ಟು ಫೋಟೋ ಹಾಕ್ದೆ. ನಾನು ಬರೆಯೋದು ನಿಧಾನ ಅಲ್ವಾ, ಇದು ಯಾರದು ಅಂತ ಬರೆಯೋದ್ರೊಳಗೆ ಪರಮೇಶ್ ನನ್ನ ತೆಗೆದೇಬಿಟ್ಟಿದ್ರು. ಸೀಟ್ ಹಿಡಿದೆ ಅಂದ್ಕೊಂಡ್ರಂತೆ. ನನಗೆ ಅದು ಹೊಳೀಲೇ ಇಲ್ಲ ನೋಡು. ಒಂದ್ ಮಾತು ಕೇಳ್ಬಹುದಿತ್ತಲ್ಲ ಅಂದೆ. ಒಬ್ಬೊಬ್ರನ್ನೂ ಕೇಳ್ತಾ ಕೂತ್ರೆ ನಿಯಮ ಯಾಕೆ ಅಂದ್ರು. ಇದೇ ನೋಡಿ ಆ ಕರ್ಚೀಫ್ ಅಂತ ಕೊಟ್ಟೆ. ಒಗೆದು ಇಸ್ತ್ರಿ ಮಾಡಿ ಇಟ್ಕೊಂಡಿದ್ದೆ. ತಿರುಗಿಸಿ ನೋಡಿ ಜೇಬಿಗೆ ಹಾಕ್ಕೊಂಡ್ರು."

"ಯಾಕೆ?"

"ಅವರದೇ ಅಂತೆ."

ನನಗೆ ಮೈಯೆಲ್ಲ ಉರಿಯಿತು. ಎರಡು ಸೀಟು ಮುಂದೆ ಕೂತಿದ್ದ ಪರಮೇಶ್ ಕಿಟಕಿಯಾಚೆ ನೋಡುತ್ತಿದ್ದ. ಎದ್ದುಹೋಗಿ ಎಲ್ಲರೆದುರಿಗೇ ಕೇಳಿಬಿಡೋಣವೆಂದು ಹೊರಟೆ. ಧನಲಕ್ಷ್ಮಿ ನನ್ನ ಕೈ ಹಿಡಿದು ಕೂರಿಸಿದಳು.

"ಅವರ ವಿಷಯ ಇರ್ಲಿ. ಅವತ್ತು ನಾನೇನ್ ಹಾಕಿದ್ದೆ ಅಂತ ಅಂದ್ಕೊಂಡಿದ್ದೆ ನೀನು?"

ಬಸ್ಸು ಮಲವಗೊಪ್ಪ ದಾಟಿತು. ನಾನೂ ಪರಮೇಶನ ಹಾಗೆ ಕಿಟಕಿಯಾಚೆ ನೋಡತೊಡಗಿದೆ.