ಮೂರು ಬೆರಳಿನ ನಾಟಿ

ಹೊಳೆನರಸೀಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪದ ಕಟ್ಟುತ್ತೇನೆ, ಭಾನುವಾರ ಕರೆದ ಕಡೆ ಹೋಗಿ ಹಾಡುತ್ತೇನೆ. ಕಷ್ಟದಲ್ಲಿರುವವರ ಪರವಾಗಿ ಹಾಡುವವನು ಎಂಬ ಹಮ್ಮು ನನಗೆ ಚೆನ್ನಾಗಿಯೇ ಇತ್ತು.

ಕೊಣನೂರಿನ ಹತ್ತಿರ ನನ್ನ ಸೋದರತ್ತೆಯ ಊರು. ಅವರ ಪಕ್ಕದ ಮನೆಯ ಅಕ್ಕನೊಬ್ಬಳು ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಕಳೆದುಕೊಂಡಿದ್ದಳು. ಸುದ್ದಿ ಕೇಳಿದ್ದೇ ತಡ, ಬೆರಳು ಹೋಯ್ತು, ಬದುಕೇ ಹೋಯ್ತು ಎಂದು ಪದ ಕಟ್ಟಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಹರಿಯಬಿಟ್ಟೆ. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ವಾಟ್ಸಾಪಿನಲ್ಲಿ ಓಡಾಡಿತು. ಕೇಳಿ ಅತ್ತುಬಿಟ್ಟೆವು ಎಂದವರೆಷ್ಟೋ ಮಂದಿ. ನಾನು ಉಬ್ಬಿಹೋದೆ.

ಆಕೆಯ ಮುಂದೆಯೇ ಹಾಡಬೇಕೆಂದು ನಾಟಿ ಕಾಲಕ್ಕೆ ಅಲ್ಲಿಗೆ ಹೋದೆ. ಅತ್ತೆಯ ಗದ್ದೆಯಲ್ಲಿ ಅವತ್ತು ಮುಯ್ಯಾಳು. ಕೂಲಿಯ ಮಾತಿಲ್ಲ, ಇವತ್ತು ಇವರಿಗೆ ನೆಟ್ಟರೆ ನಾಳೆ ಅವರಿಗೆ. ಆ ಅಕ್ಕನೂ ಸಾಲಿನಲ್ಲಿದ್ದಳು. ನಮ್ಮ ಕಡೆ ಒಬ್ಬರು ಪದ ಎತ್ತಿದರೆ ಉಳಿದವರು ಸೊಲ್ಲು ಹಿಡಿದು ಹಿಂದೆ ಹಾಡಬೇಕು, ಹಿಡಿಯದಿದ್ದರೆ ಪದ ಅಲ್ಲಿಗೇ ನಿಂತ ಹಾಗೆ. ಬದುವಿನ ಮೇಲೆ ನಿಂತು ಎತ್ತಿದೆ. ಯಾರೂ ಹಿಡಿಯಲಿಲ್ಲ. ಮತ್ತೊಮ್ಮೆ ಎತ್ತಿದೆ. ಎಲ್ಲರೂ ಬಗ್ಗಿ ನೆಡುತ್ತಲೇ ಹೋದರು. ಸಿಟ್ಟು ಬಂತು. ಇವರಿಗೇನು ಗೊತ್ತು ಪದದ ಬೆಲೆ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಅತ್ತೆಯೇ ಬದುವಿಗೆ ಬಂದು ವಿಷಯ ಹೇಳಿದರು. ನನ್ನ ಪದ ಕೂಲಿ ಮೇಸ್ತ್ರಿಯ ಫೋನಿಗೂ ಹೋಗಿತ್ತಂತೆ. ಪಾಪ, ಕೈಲಾಗದವಳನ್ನು ಯಾಕೆ ಗೋಳು ಹುಯ್ದುಕೊಳ್ಳುವುದು ಎಂದು ಅವನು ಆಕೆಯನ್ನು ಕೂಲಿಗೆ ಕರೆಯುವುದನ್ನೇ ಬಿಟ್ಟಿದ್ದ. ಬರೀ ಮುಯ್ಯಾಳಿನಿಂದ ಒಲೆ ಉರಿಯುತ್ತದೆಯೇ? ನಾಚಿಕೆಯಾಗಿ, ಬದುವಿನ ಮೇಲೆಯೇ ಆ ಅಕ್ಕನ ಹತ್ತಿರ ಹೋದೆ. ಆ ಪದ ಅಳಿಸಿಬಿಡುತ್ತೇನೆ ಎಂದು ಆಕೆಗೆ ಹೇಳಿದೆ.

ಬಗ್ಗಿಸಿದ ಬೆನ್ನು ಎತ್ತದೆ ಆಕೆ ಅಂದಳು: "ಅಳ್ಸಿದ್ರೆ ಕೇಳ್ದೋರು ಮರ್ತುಬುಟ್ಟಾರಾ? ಇಳಿಯಪ್ಪಾ ಗದ್ದೆಗೆ. ನೋಡ್ಕಂಡು ಕಟ್ಟು."

ಪ್ಯಾಂಟು ಮಡಿಸಿ ಇಳಿದೆ. ಉಳಿದ ಮೂರು ಬೆರಳಿನಲ್ಲಿ ಪೈರು ಊರುತ್ತ ಆಕೆ ಹಿಂದಕ್ಕೆ ಸರಿಯುತ್ತಿದ್ದಳು. ನಾನು ಅರ್ಧ ಸಾಲು ಮುಗಿಸುವಷ್ಟರಲ್ಲಿ ಆಚೆ ಬದು ಮುಟ್ಟಿದ್ದಳು. ಮೊದಲೇ ಒಂದು ಸಲ ಬಂದು ನೋಡಿದ್ದರೆ ಏನಾಗುತ್ತಿತ್ತು ನನಗೆ?

ಕಂಡದ್ದನ್ನೇ ಪದ ಮಾಡಿದೆ. ಅದಕ್ಕೆ ಗದ್ದೆಯವರೆಲ್ಲ ಸೊಲ್ಲು ಹಿಡಿದರು, ಆಕೆಯೂ. ಅವತ್ತೇ ಮೇಸ್ತ್ರಿಗೆ ಕಳಿಸಿ, ನಾನೇ ಫೋನು ಮಾಡಿ ಹೇಗಿದೆ ಎಂದು ಕೇಳಿದೆ.

"ಚೆನ್ನಾಗೈತೆ ಸಾ," ಅಂದ. "ಆದ್ರೂ ಹಳೇದೇ ವಾಸಿ. ಅದ್ರಲ್ಲಿ ಅಳು ಬತ್ತದೆ."

ಆಕೆಯನ್ನು ಅವನು ಇನ್ನೂ ಕೂಲಿಗೆ ಕರೆದಿಲ್ಲ.