ಏಕಾದಶಿಯ ದಿನ ಕೊಟ್ಟ ನೀರು

ರೇಣುಕಾ, ಅವರಿಗೆ ನೀರು ಕುಡಿಸಿದವಳು ನಾನು. ಕುಡಿಸಬಹುದು ಎಂದು ನೀನೇ ಹೇಳಿದ್ದೆ ಅಂತ ಡಾಕ್ಟರ ಮುಂದೆ ಹೇಳಿದವಳೂ ನಾನೇ. ಅದು ಸುಳ್ಳು.

ನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಲಕ್ವ ಹೊಡೆದು ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದರು. ಮಾತು ಹೋಗಿತ್ತು, ನುಂಗುವುದೂ ನೆಟ್ಟಗಿರಲಿಲ್ಲ. ನೀನು ಸ್ಪೀಚ್ ಥೆರಪಿಯ ಎಂ.ಎಸ್ಸಿ. ಕೊನೆಯ ವರ್ಷದ ತರಬೇತಿಗೆಂದು ಆ ವಾರ್ಡಿಗೆ ಬರುತ್ತಿದ್ದೆ. ನೀರಿಗೆ ಒಂದು ಪುಡಿ ಕಲಸಿ, ಗಂಜಿಯಂತೆ ಗಟ್ಟಿ ಮಾಡಿ, ಅವರ ಗದ್ದ ತಗ್ಗಿಸಿ, ಚಮಚದಲ್ಲಿ ಇಷ್ಟಿಷ್ಟೇ ಕುಡಿಸುತ್ತಿದ್ದೆ.

ನನ್ನ ಮೈದುನ ನಿನ್ನನ್ನು ರೇಗಿಸಿದ್ದ. "ನೀರು ಕುಡಿಸ್ಲಿಕ್ಕೂ ಎಂ.ಎಸ್ಸಿ. ಓದಬೇಕೇನವಾ?"

ನೀನು ನಕ್ಕೆ. "ನಿಮಗ ಬ್ಯಾಡ್ರಿ ಕಾಕಾ. ನುಂಗೋದು ಮರತವ್ರಿಗೆ ಬೇಕ್ರಿ."

ಆ ಪುಡಿಯಲ್ಲಿ ಏನಿದೆ ಎಂದು ನಾನು ಕೇಳಿದೆ. ಮೆಕ್ಕೆಜೋಳದ ಹಿಟ್ಟು ಎಂದೆ ನೀನು. ಏಕಾದಶಿಗೆ ನಾವು ಧಾನ್ಯ ಮುಟ್ಟುವುದಿಲ್ಲ ಎಂದೆ ನಾನು. ನೀನು ಮುಖ ಸಣ್ಣದು ಮಾಡಲಿಲ್ಲ, ವಾದಿಸಲೂ ಇಲ್ಲ. "ಏಕಾದಶಿ ಯಾವತ್ತಂತ ಮುಂಚೇನ ಹೇಳ್ರಿ ಅಮ್ಮಾ. ಕಮಲಾಪುರದ ಬಾಳೆಹಣ್ಣು ಕಿವುಚಿ ಹಾಲಿನಾಗ ಗಟ್ಟಿ ಮಾಡೋಣ. ಬರೇ ನೀರು ಮಾತ್ರ ಭಾಳ ಅಪಾಯ ರೀ, ಪುಪ್ಪುಸಕ್ಕ ಇಳೀತೈತಿ." ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಚಿತ್ರ ಹಾಕಿ, ಕೆಳಗೆ ನಿನ್ನ ಫೋನ್ ನಂಬರನ್ನೂ ಬರೆದುಕೊಟ್ಟೆ.

ಏಕಾದಶಿ ಭಾನುವಾರ ಬಂತು. ನೀನು ವಡ್ಡಿಗೆ, ನಿಮ್ಮೂರಿಗೆ ಹೋಗಿದ್ದೆ. ನಾನು ಫೋನ್ ಮಾಡಲಿಲ್ಲ, ಬಾಳೆಹಣ್ಣನ್ನೂ ತರಿಸಲಿಲ್ಲ. ಏಕೆ ಮಾಡಲಿಲ್ಲ ಎಂದರೆ— ಈ ಹುಡುಗಿಗೆ ನಮ್ಮ ಮನೆಯ ಆಚಾರ ಏನು ತಿಳಿಯುತ್ತದೆ ಎಂದುಕೊಂಡಿದ್ದೆ. ಒಂದು ದಿನಕ್ಕೆ ಏನಾದೀತು ಎಂದೂ.

ಇವತ್ತು ಏಕಾದಶಿ ಎಂದು ಅವರ ಕಿವಿಯಲ್ಲಿ ಹೇಳಿದವಳೂ ನಾನೇ. ಹೇಳದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹೇಳಿದ ಮೇಲೆ ನರ್ಸ್ ತಂದ ಪುಡಿ ಕಲಸಿದ ನೀರಿಗೆ ಅವರು ತುಟಿ ಬಿಗಿದು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನಕ್ಕೆ ತುಟಿ ಒಣಗಿ ಬಿರಿದಿತ್ತು. ಲೋಟದಲ್ಲಿ ಬರೀ ನೀರು ಹಿಡಿದೆ. ಎಷ್ಟು ಆಸೆಯಿಂದ ಕುಡಿದರು— ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಬೆನ್ನು ಸವರಿ ಮತ್ತೆ ಕೊಟ್ಟೆ. ಸಂಜೆ ಇನ್ನೊಮ್ಮೆ.

ಮಂಗಳವಾರ ಜ್ವರ ಏರಿತು. ಪುಪ್ಪುಸಕ್ಕೆ ನೀರು ಇಳಿದಿದೆ, ಯಾರು ಕುಡಿಸಿದ್ದು ಎಂದು ಡಾಕ್ಟರು ಕೇಳಿದರು. ಮಂಚದ ಆಚೆ ಮೈದುನ, ನನ್ನ ಮಗ, ನಿನಗೆ ತರಬೇತಿ ಕೊಡುತ್ತಿದ್ದ ಮೇಡಂ, ನೀನು. ನನ್ನ ಬಾಯಿಂದ ಬಂದದ್ದು ಇಷ್ಟು: "ಕುಡಿಸಬಹುದು ಅಂತ ಈ ಹುಡುಗೀನೇ ಹೇಳಿದ್ಲು."

ನೀನು ನನ್ನನ್ನೇ ನೋಡಿದೆ. "ಇಲ್ರಿ ಮೇಡಂ. ನಾನು ಬರದು ಕೊಟ್ಟೀನ್ರಿ. ಹಾಳಿ ಅಮ್ಮಾರ ಹತ್ರ ಐತಿ."

"ನನಗೇನೂ ಕೊಟ್ಟಿಲ್ಲ" ಎಂದೆ. ಹಾಳೆ ಆಗ ನನ್ನ ಚೀಲದಲ್ಲೇ ಇತ್ತು. ಅವತ್ತೇ ಹರಿದು ಹಾಕಿದೆ.

ಬಾಗಿಲ ಹೊರಗೆ ನಿನ್ನ ಮೇಡಂ ಹೇಳಿದ್ದು ನನಗೆ ಕೇಳಿಸಿತು: "ಪೇಷಂಟನ್ನ ಒಬ್ಬಳೇ ನೋಡೋದಕ್ಕೆ ನೀನಿನ್ನೂ ತಯಾರಿಲ್ಲ. ಕಾಲೇಜಿಗೆ ಹಾಗೇ ಬರೀತೀನಿ." ಮರುದಿನದಿಂದ ನೀನು ಬರಲಿಲ್ಲ. ಒಂಬತ್ತನೆಯ ದಿನ ಇವರು ಹೋದರು. ಬಂದವರೆಲ್ಲ ನಿನ್ನನ್ನು ಬೈದು ನನ್ನನ್ನು ಸಮಾಧಾನ ಮಾಡಿದರು. ನಾನು ಸಮಾಧಾನ ಮಾಡಿಸಿಕೊಂಡೆ.

ಹೋದ ತಿಂಗಳು ಸಂಡೂರಿನ ಬಸ್ಸಿನಲ್ಲಿ ಯಾರೋ ಎದ್ದು "ಕುಂದ್ರಿ ಅಮ್ಮಾ" ಎಂದರು. ನೋಡಿದರೆ ನೀನು. ಕೋರ್ಸು ಮುಗಿಸಲಿಲ್ಲವಂತೆ. ದೋಣಿಮಲೈ ಕಡೆ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವಂತೆ. ಯಾಕೆ ಬಿಟ್ಟೆ ಎಂದು ಕೇಳುವ ಧೈರ್ಯ ನನಗೆ ಎಲ್ಲಿಂದ ಬಂತೋ! ನೀನು ಕಿಟಕಿಯ ಕಡೆ ನೋಡುತ್ತಾ ಹೇಳಿದೆ: "ಮತ್ತ ಯಾರ ಬಾಯಿಗೂ ಚಮಚ ಹಿಡಿಯಾಕ ಕೈ ಬರಲಿಲ್ಲ ರೀ. ನಿಮಗ ಇನ್ನೊಮ್ಮೆ ಬಿಡಿಸಿ ಹೇಳಿದ್ರ ನಿಮ್ಮ ಮನಿಯವ್ರು ಉಳೀತಿದ್ರೇನೋ. ನಾನು ಹೇಳಿದ್ದ ಸಾಲಲಿಲ್ಲ."

ಅಂದರೆ ನನ್ನ ಸುಳ್ಳನ್ನು ನಾಲ್ಕು ವರ್ಷ ನಿನ್ನದೇ ತಪ್ಪೆಂದು ಹೊತ್ತಿದ್ದೀಯ— ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ನನ್ನ ಸ್ಟಾಪ್ ಬಂತು. ಇಳಿದುಬಿಟ್ಟೆ.

ನಿನ್ನೆ ಮಗನನ್ನೂ ಮೈದುನನನ್ನೂ ಕೂರಿಸಿ ಎಲ್ಲ ಹೇಳಿದೆ. ಮೈದುನ ಎದ್ದು ಹೋದ. ಹಿಂದೆಯೇ ಮಗನೂ. ಸೋಮವಾರ ನಿನ್ನ ಮೇಡಂ ಹತ್ತಿರ ಹೋಗಿ ಇದನ್ನೇ ಹೇಳಿ, ಬರೆದು ಸಹಿ ಮಾಡಿ ಕೊಡುತ್ತೇನೆ. ಅದರಿಂದ ನಿನ್ನ ಓದು, ನಿನ್ನ ಕೆಲಸ ಮರಳಿ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು. ಕ್ಷಮಿಸು ಎಂದು ಬರೆಯುವುದಿಲ್ಲ. ನಿನ್ನಿಂದ ಇನ್ನೂ ಏನನ್ನಾದರೂ ಕೇಳುವ ಹಕ್ಕು ನನಗಿಲ್ಲ.

ಆದರೆ ನೀನು ಹೇಳಿದ್ದು ಸಾಕಾಗಿತ್ತು ರೇಣುಕಾ. ನನಗೆ ಮೊದಲ ಸಲಕ್ಕೇ ಅರ್ಥವಾಗಿತ್ತು.